ಅಟ್ಟದಿಂದ ಇಳಿದ ಸಾಮಾನು ತಿಪ್ಪೆಗೆ ಹೋಗದಿರಲಿ

ಹಬ್ಬದ ಮುಂಚೆ ಮನೆ ತೊಳೆಯುವಾಗ ಬೇಡವಾದ ವಸ್ತುಗಳೆಲ್ಲ ಹೊರಗೆ ಬರುತ್ತವೆ. ಅವು ಎಲ್ಲಿಗೆ ಹೋಗುತ್ತವೆ ಎನ್ನುವುದಕ್ಕೂ ನಮ್ಮ ಹಸುವಿನ ಹೊಟ್ಟೆಗೂ ಕ್ಯಾನಿನ ಹಾಲಿಗೂ ನೇರ ಸಂಬಂಧವಿದೆ.



ಯುಗಾದಿ ಇರಲಿ, ಗೌರಿ ಹಬ್ಬ ಇರಲಿ, ಮಾರ್ನಮಿ ಇರಲಿ, ಮನೆಯ ಹೆಂಗಸರಿಗೆ ಹಬ್ಬ ಶುರುವಾಗುವುದು ಧೂಳು ಹೊಡೆಯುವ ಕೆಲಸದಿಂದ. ಅಟ್ಟ ಇಳಿಸಿದರೆ ಸಾಕು, ಒಡೆದ ಪ್ಲಾಸ್ಟಿಕ್ ಕೊಡ, ಹಿಡಿ ಮುರಿದ ಕುಕ್ಕರ್, ಕೆಟ್ಟ ಮಿಕ್ಸಿ, ಮಕ್ಕಳಿಗೆ ಚಿಕ್ಕದಾದ ಬಟ್ಟೆ, ತೂತಾದ ಹಂಡೆ, ಹಳೇ ಟಾರ್ಚು, ಸುಟ್ಟುಹೋದ ಬಲ್ಬು, ದೊಡ್ಡ ಡಬ್ಬದ ಟಿ.ವಿ., ಕಾಲು ಮುರಿದ ಕುರ್ಚಿ, ಯಾವತ್ತೋ ತಂದ ಮಾತ್ರೆಗಳ ಚೀಟಿ ಎಲ್ಲ ಅಂಗಳಕ್ಕೆ ಬಂದು ಬೀಳುತ್ತವೆ. ಅರ್ಧ ದಿನದಲ್ಲಿ ಮನೆ ಖಾಲಿಯಾಗಿ ಹಗುರಾಗುತ್ತದೆ. ಅಂಗಳದಲ್ಲಿ ಬಿದ್ದ ರಾಶಿ ಮಾತ್ರ ಹಾಗೇ ಉಳಿಯುತ್ತದೆ.

ಹೆಚ್ಚಿನ ಮನೆಗಳಲ್ಲಿ ಆ ರಾಶಿಗೆ ಮೂರೇ ದಾರಿ. ಮಾರುವಂಥದ್ದು ಗುಜರಿಯವನಿಗೆ, ಸುಡುವಂಥದ್ದು ಬೆಂಕಿಗೆ, ಉಳಿದದ್ದು ತಿಪ್ಪೆಗೆ ಅಥವಾ ಹಳ್ಳದ ಬದಿಗೆ. ಪೇಟೆಯವರಿಗೆ ಕಸ ಕಣ್ಣಿಗೆ ಕಾಣದ ಹಾಗೆ ಹೋದರೆ ಮುಗಿಯಿತು. ಹಸು ಕಟ್ಟುವ ನಮಗೆ ಹಾಗೆ ಮುಗಿಯುವುದಿಲ್ಲ. ತಿಪ್ಪೆ, ಹಳ್ಳದ ಬದಿ, ರಸ್ತೆಯ ಅಂಚು ಇವೆಲ್ಲ ನಮ್ಮ ದನ ಮೇಯುವ ಜಾಗಗಳೇ. ನಾವು ಎಸೆದದ್ದು ಇವತ್ತಲ್ಲ ನಾಳೆ ನಮ್ಮ ಕೊಟ್ಟಿಗೆಗೇ ವಾಪಸು ಬರುತ್ತದೆ. ಅದಕ್ಕೇ ಈ ಸಂಚಿಕೆಯಲ್ಲಿ ಮನೆಯ ಬೇಡದ ಸಾಮಾನಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಸು ಆರಿಸಿ ತಿನ್ನುವುದಿಲ್ಲ

ಮೇಕೆ ತುಟಿಯಲ್ಲಿ ಎಲೆ ಎಲೆ ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ. ನಾಲಿಗೆ ಚಾಚಿ, ಸುತ್ತಿ ಎಳೆದುಕೊಂಡು, ಸರಿಯಾಗಿ ಅಗಿಯದೆ ನುಂಗಿಬಿಡುತ್ತದೆ. ಅಗಿಯುವ ಕೆಲಸವನ್ನು ಆಮೇಲೆ ಮೆಲುಕು ಹಾಕುವಾಗ ಮಾಡಿಕೊಳ್ಳುತ್ತದೆ. ಹುಲ್ಲಿನ ನಡುವೆ ಮೊಳೆ ಇದ್ದರೂ, ಅನ್ನ ಕಟ್ಟಿದ ಪ್ಲಾಸ್ಟಿಕ್ ಕವರ್ ಇದ್ದರೂ ಒಟ್ಟಿಗೇ ಒಳಗೆ ಹೋಗುತ್ತದೆ.

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ದೊಡ್ಡ ಹೊಟ್ಟೆ. ಅದಕ್ಕೆ ಅಂಟಿಕೊಂಡಂತೆ ಮುಂದೆ ಇರುವುದು ಒಳಗೋಡೆ ಜೇನುಗೂಡಿನ ಹಾಗೆ ಕಾಣುವ ಚಿಕ್ಕ ಚೀಲ. ತಂತಿ, ಮೊಳೆ, ಸೂಜಿಯಂಥ ಭಾರದ ವಸ್ತುಗಳು ಬಂದು ನಿಲ್ಲುವುದು ಈ ಚೀಲದಲ್ಲಿ. ಅದರ ಮುಂದೆ ತೆಳುವಾದ ವಪೆ, ವಪೆಯ ಆಚೆಗೆ ಹೃದಯ. ಹೊಟ್ಟೆ ಹಿಂಡಿದಾಗಲೆಲ್ಲ ಚೂಪಾದ ತುದಿ ಗೋಡೆಗೆ ಚುಚ್ಚುತ್ತದೆ. ತುಂಬು ಗಬ್ಬದ ಹಸುವಿನಲ್ಲಿ, ಕರು ಹಾಕುವ ಹೊತ್ತಿನಲ್ಲಿ ಒತ್ತಡ ಇನ್ನೂ ಹೆಚ್ಚು. ಗೋಡೆ ದಾಟಿದ ತಂತಿ ಕೆಲವೊಮ್ಮೆ ಹೃದಯದ ಪೊರೆಯವರೆಗೂ ಹೋಗುತ್ತದೆ. ಆಮೇಲೆ ಹಸುವನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಪ್ಲಾಸ್ಟಿಕ್‌ನ ಕಥೆ ಬೇರೆ. ಅದು ಚುಚ್ಚುವುದಿಲ್ಲ, ಕರಗುವುದೂ ಇಲ್ಲ. ದೊಡ್ಡ ಹೊಟ್ಟೆಯಲ್ಲಿ ಕವರಿಗೆ ಕವರು, ದಾರಕ್ಕೆ ದಾರ ಸುತ್ತಿಕೊಂಡು ಗಂಟಾಗುತ್ತದೆ. ಆ ಗಂಟು ಜಾಗ ಹಿಡಿದಷ್ಟೂ ಮೇವಿಗೆ ಜಾಗ ಕಡಿಮೆ. ಹಸು ಬಡಕಲಾಗುತ್ತಾ ಹೋಗುತ್ತದೆ, ಪದೇ ಪದೇ ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ. ಹಿಂಡಿ ಸಾಲಲಿಲ್ಲವೇನೋ ಎಂದು ನಾವು ಇನ್ನೊಂದು ಸೇರು ಹಿಂಡಿ ಹಾಕುತ್ತೇವೆ. ಖರ್ಚು ಏರುತ್ತದೆ, ಹಾಲು ಏರುವುದಿಲ್ಲ. ಆ ಗಂಟನ್ನು ತೆಗೆಯಲು ವೈದ್ಯರು ಹೊಟ್ಟೆ ಕೊಯ್ಯಲೇಬೇಕು.

ಈ ಲಕ್ಷಣಗಳು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ:

- ಒಂದೇ ದಿನದಲ್ಲಿ ಹಾಲು ಏಕಾಏಕಿ ಇಳಿಯುವುದು, ಮೆಲುಕು ನಿಲ್ಲುವುದು
- ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಲ್ಲುವುದು
- ಮಲಗುವಾಗ, ಏಳುವಾಗ ನರಳುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು
- ಗಂಗೆದೊಗಲು, ಎದೆಯ ಭಾಗದಲ್ಲಿ ಊತ
- ಮತ್ತೆ ಮತ್ತೆ ಹೊಟ್ಟೆ ಉಬ್ಬರ

ಕಬ್ಬಿಣದ ಚೂರು ನುಂಗುವ ಅಪಾಯ ಹೆಚ್ಚಿರುವ ಕಡೆ ವೈದ್ಯರು ಹಸುವಿಗೆ ಒಂದು ಅಯಸ್ಕಾಂತ ನುಂಗಿಸುವುದುಂಟು. ಅದು ಆ ಚಿಕ್ಕ ಚೀಲದಲ್ಲಿ ಕುಳಿತು ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಹಸುವಿಗೆ ಬೇಕೇ ಎಂದು ವೈದ್ಯರನ್ನೇ ಕೇಳಿ. ಅಯಸ್ಕಾಂತ ಕಬ್ಬಿಣವನ್ನು ಹಿಡಿಯುತ್ತದೆ, ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ.

ಅಡುಗೆಮನೆಯಿಂದ ಬಾನಿಗೆ

ದನ ಹೊರಗೆ ಬಿಡುವುದೇ ಇಲ್ಲ, ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುತ್ತೇವೆ, ನಮಗೇನು ಭಯ ಎನ್ನುವವರೂ ಇದ್ದಾರೆ. ಅಂಥ ಮನೆಯಲ್ಲೂ ಎರಡು ದಾರಿಗಳಿವೆ.

ಒಂದು, ಕಲಗಚ್ಚು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಬಾನಿಗೆ ಹೋಗುತ್ತವೆ. ಅದರ ಜೊತೆಗೆ ಸೆರಗಿನಿಂದ ಬಿದ್ದ ಪಿನ್ನು, ತಲೆಯ ಕ್ಲಿಪ್ಪು, ಒಡೆದ ಬಳೆ ಚೂರು, ಪಾತ್ರೆ ಉಜ್ಜುವ ಸ್ಟೀಲ್ ನಾರಿನ ಎಳೆ, ಹಾಲಿನ ಪ್ಯಾಕೆಟ್ ಕತ್ತರಿಸಿದ ಮೂಲೆಯ ಚೂರು ಕೂಡ ಹೋಗುತ್ತವೆ. ಪ್ಯಾಕೆಟ್‌ನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ. ಅರ್ಧ ಕತ್ತರಿಸಿ, ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಪ್ಯಾಕೆಟ್ ತೊಳೆದು ಒಣಗಿಸಿಟ್ಟರೆ ಅದು ಮರುಬಳಕೆಗೂ ಹೋಗುತ್ತದೆ. ಕಲಗಚ್ಚಿನ ಪಾತ್ರೆಯನ್ನು ಬಾನಿಗೆ ಸುರಿಯುವ ಮುಂಚೆ ಒಮ್ಮೆ ಕೈಯಾಡಿಸಿ ನೋಡುವ ಅಭ್ಯಾಸ ಮನೆಯ ಎಲ್ಲರಿಗೂ ಬರಲಿ.

ಇನ್ನೊಂದು, ತಿಪ್ಪೆ. ತಿಪ್ಪೆಗೆ ಬಿದ್ದ ಕವರು, ಗಾಜು, ತಂತಿ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತವೆ. ಉಳುವಾಗ ಕವರು ಚೂರಾಗಿ ಮಣ್ಣಿನಲ್ಲಿ ಹರಡಿ ನೀರು ಇಂಗಲು ಅಡ್ಡಿಯಾಗುತ್ತದೆ. ಗಾಜು ಕಳೆ ತೆಗೆಯುವ ಕೈಗೆ, ನಾಟಿ ಮಾಡುವ ಕಾಲಿಗೆ ಚುಚ್ಚುತ್ತದೆ. ಆ ಕೈ, ಆ ಕಾಲು ಹೆಚ್ಚಾಗಿ ನಮ್ಮವೇ. ರಾಗಿ ಹುಲ್ಲಿಗೋ ಜೋಳದ ಕಡ್ಡಿಗೋ ಸಿಕ್ಕಿಕೊಂಡ ತಂತಿ ಮೇವು ಕತ್ತರಿಸುವ ಯಂತ್ರಕ್ಕೆ ಬಂದು ಸಣ್ಣ ಸಣ್ಣ ಚೂಪು ತುಂಡಾಗಿ ಗೋದಲಿಗೆ ಬೀಳುತ್ತದೆ. ಮನೆಯಿಂದ ಹೊರಟದ್ದು ತಿಪ್ಪೆ, ಹೊಲ, ಹುಲ್ಲಿನ ಮೆದೆ ಸುತ್ತಿ ಹಸುವಿನ ಬಾಯಿಗೆ ಬಂತು. ಹೊರಗೆ ಬಿಡದ ಹಸುವಿಗೂ ಬಂತು.

ಬೇಡದ ಸಾಮಾನನ್ನು ನಾಲ್ಕು ಗುಂಪು ಮಾಡಿ

ಎಲ್ಲವನ್ನೂ ಒಂದೇ ರಾಶಿ ಹಾಕಿದರೆ ಅದು ಕಸ. ಬೇರೆ ಬೇರೆ ಮಾಡಿದರೆ ಅದರಲ್ಲಿ ಹೆಚ್ಚಿನದು ಸಾಮಾನೇ. ಅಟ್ಟ ಇಳಿಸುವ ದಿನ ಅಂಗಳದಲ್ಲಿ ನಾಲ್ಕು ಹಳೇ ಚೀಲ ಹಾಸಿಕೊಳ್ಳಿ.

ಮೊದಲನೆಯದು: ಬೇರೆಯವರಿಗೆ ಆಗುವಂಥದ್ದು

ನಮಗೆ ಬೇಡವಾದದ್ದು ಯಾರಿಗೂ ಬೇಡ ಎಂದೇನಿಲ್ಲ. ಮಗು ಬೆಳೆದ ಮೇಲೆ ತೊಟ್ಟಿಲು, ಶಾಲೆ ಬದಲಾದ ಮೇಲೆ ಸಮವಸ್ತ್ರ, ಪಾಸಾದ ಮೇಲೆ ಪಠ್ಯಪುಸ್ತಕ, ಎರಡು ಹಸು ಮಾರಿದ ಮೇಲೆ ಉಳಿದ ಹಗ್ಗ, ಸರಪಳಿ, ಬಕೆಟ್ಟು ಎಲ್ಲವೂ ಇನ್ನೊಂದು ಮನೆಯಲ್ಲಿ ಬೇಕಾಗಿರುತ್ತವೆ. ಹಿಂದೆ ತೊಟ್ಟಿಲು ಊರಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿತ್ತು. ಬಾಣಂತಿಗೆ ಹಳೇ ಹತ್ತಿ ಸೀರೆ ಕೊಡುವುದು ದಾನವಾಗಿರಲಿಲ್ಲ, ಅದು ಪದ್ಧತಿಯಾಗಿತ್ತು. ಕೊಡುವಾಗ ಒಂದೇ ನಿಯಮ: ಒಗೆದು, ಒಣಗಿಸಿ, ಗುಂಡಿ ಹಾಕಿ ಕೊಡಿ. ನಾವು ಮುಟ್ಟಲು ಹೇಸುವ ವಸ್ತುವನ್ನು ಇನ್ನೊಬ್ಬರಿಗೆ ಕೊಡುವುದು ಬೇಡ.

ಉಡಲಾಗದ ಬಟ್ಟೆಗೂ ಕೆಲಸವಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಇವತ್ತು ದೂರದ ಊರಿನವರೂ ಹುಡುಕಿಕೊಂಡು ಬಂದು ಕೊಳ್ಳುವ ವಸ್ತುವಾಗಿದೆ. ಅದಕ್ಕೆ ಬೇಕಾದ ಬಂಡವಾಳ ಹಳೇ ಬಟ್ಟೆ, ಸೂಜಿ, ದಾರ, ಬಿಡುವು ಅಷ್ಟೇ.

ಹಳೇ ಹತ್ತಿ ಪಂಚೆ, ಬನಿಯನ್ ಇದ್ದರೆ ಚೌಕವಾಗಿ ಕತ್ತರಿಸಿ ಕೆಚ್ಚಲು ಒರೆಸಲು ಇಟ್ಟುಕೊಳ್ಳಿ. ಒಂದು ಹಸುವಿಗೆ ಒಂದೇ ಬಟ್ಟೆ. ಹಾಲು ಕರೆದ ಮೇಲೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಒಂದೇ ಬಟ್ಟೆಯಲ್ಲಿ ಎಲ್ಲ ಹಸುಗಳ ಕೆಚ್ಚಲು ಒರೆಸಿದರೆ ಒಂದರ ಕೆಚ್ಚಲು ಬಾವು ಎಲ್ಲದಕ್ಕೂ ಹಬ್ಬುತ್ತದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಇದಕ್ಕೆ ಬೇಡ, ಅದು ನೀರು ಹೀರುವುದಿಲ್ಲ.

ತೀರ್ಥಕ್ಷೇತ್ರಕ್ಕೆ ಹೋದಾಗ ಉಟ್ಟ ಬಟ್ಟೆಯನ್ನು ನದಿಯಲ್ಲಿ ಬಿಟ್ಟು ಬರುವವರಿದ್ದಾರೆ. ಆ ನೀರನ್ನು ಕೆಳಗಿನ ಊರಿನ ಜನ, ದನ ಕುಡಿಯುತ್ತಾರೆ ಎನ್ನುವುದು ನೆನಪಿರಲಿ.

ಎರಡನೆಯದು: ರಿಪೇರಿಯಾಗುವಂಥದ್ದು

ಕುಕ್ಕರ್‌ನ ಹಿಡಿ, ಗ್ಯಾಸ್ಕೆಟ್, ಮಿಕ್ಸಿಯ ಬ್ಲೇಡು, ಕೊಡೆಯ ಕಡ್ಡಿ, ಚಪ್ಪಲಿಯ ಉಂಗುಷ್ಟ, ಬ್ಯಾಗಿನ ಜಿಪ್ಪು ಎಲ್ಲವೂ ಸರಿಯಾಗುತ್ತವೆ. ಒಬ್ಬೊಬ್ಬರೇ ಒಂದೊಂದು ಸಾಮಾನು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋದರೆ ಬಸ್ ಚಾರ್ಜೇ ರಿಪೇರಿಗಿಂತ ಹೆಚ್ಚಾಗುತ್ತದೆ. ಇಪ್ಪತ್ತು ಮನೆಯ ಸಾಮಾನು ಒಟ್ಟಾದರೆ ರಿಪೇರಿಯವರೇ ಊರಿಗೆ ಬರುತ್ತಾರೆ. ಇದನ್ನು ಹೇಗೆ ಮಾಡಬಹುದು ಎಂದು ಮುಂದೆ ಹೇಳಿದೆ.

ಮೂರನೆಯದು: ಗುಜರಿಗೆ ಹೋಗುವಂಥದ್ದು

ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಪುಸ್ತಕ, ರಟ್ಟು, ಗಟ್ಟಿ ಪ್ಲಾಸ್ಟಿಕ್, ಬಾಟಲಿ, ಹರಿದ ಹಿಂಡಿ ಚೀಲ ಇವೆಲ್ಲ ಮತ್ತೆ ಕಾರ್ಖಾನೆಗೆ ಹೋಗುತ್ತವೆ. ಬೇರೆ ಬೇರೆ ಮಾಡಿದಷ್ಟೂ ಬೆಲೆ ಹೆಚ್ಚು. ಹಿತ್ತಾಳೆ ಪಾತ್ರೆ ಕಬ್ಬಿಣದ ರಾಶಿಯಲ್ಲಿ ಸೇರಿಹೋದರೆ ಕಬ್ಬಿಣದ ಬೆಲೆಯೇ ಸಿಗುವುದು.

ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಕೊಡ, ಸ್ಟೀಲ್ ಡಬ್ಬಿ ಹೊತ್ತು ಬಂದು ಹಳೇ ಪಾತ್ರೆಗೆ ಬದಲಿ ಕೊಡುವವರು ಮನೆ ಬಾಗಿಲಿಗೆ ಬರುತ್ತಾರೆ. ತವರಿನಿಂದ ಬಂದ ಹಿತ್ತಾಳೆ ಹಂಡೆ, ತಾಮ್ರದ ಬಿಂದಿಗೆಯನ್ನು ಎರಡು ಪ್ಲಾಸ್ಟಿಕ್ ಕೊಡಕ್ಕೆ ಬಿಟ್ಟುಕೊಡುವ ಮುಂಚೆ ಅದನ್ನು ತೂಕ ಮಾಡಿಸಿ, ಪೇಟೆಯಲ್ಲಿ ಆ ಲೋಹದ ಗುಜರಿ ಬೆಲೆ ಕೇಳಿಕೊಳ್ಳಿ. ತೂಕ ಗೊತ್ತಿಲ್ಲದೆ ಹಾಲು ಹಾಕುವುದಿಲ್ಲ ನಾವು. ಹಂಡೆಗೂ ಅದೇ ಲೆಕ್ಕ. ಕಲಾಯಿ ಹಾಕಿಸಿದರೆ ಇನ್ನೊಂದು ತಲೆಮಾರು ಬಾಳುವ ಪಾತ್ರೆಯೂ ಅದರಲ್ಲಿ ಇರಬಹುದು.

ನಾಲ್ಕನೆಯದು: ವಿಷದ್ದು

ಈ ಗುಂಪು ಚಿಕ್ಕದು, ಅಪಾಯ ಮಾತ್ರ ದೊಡ್ಡದು.

ಬ್ಯಾಟರಿ: ಟ್ರ್ಯಾಕ್ಟರ್, ಬೈಕು, ಯು.ಪಿ.ಎಸ್. ಬ್ಯಾಟರಿಯಲ್ಲಿ ಸೀಸ ಇರುತ್ತದೆ. ಒಡೆದ ಬ್ಯಾಟರಿಯನ್ನು ದನ, ಅದರಲ್ಲೂ ಕರು ನೆಕ್ಕುತ್ತವೆ. ಸೀಸ ಒಳಗೆ ಹೋದ ಕರು ಕುರುಡಾದಂತೆ ತಡವರಿಸುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸೆಳವು ಬಂದು ಸಾಯುತ್ತದೆ. ಸೀಸ ಹಾಲಿಗೂ ಇಳಿಯುತ್ತದೆ. ಹಳೇ ಬ್ಯಾಟರಿಯನ್ನು ಕೊಟ್ಟಿಗೆಯಲ್ಲಿ ಒಂದು ದಿನವೂ ಇಡಬೇಡಿ. ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ಪಡೆದು ಅದರ ಬೆಲೆ ಕಳೆದುಕೊಳ್ಳುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸು ಸಂಗ್ರಹವಾಗುವಂತೆ ನೋಡಿಕೊಳ್ಳುವುದು ತಯಾರಕರ ಹೊಣೆ.

ವಿದ್ಯುತ್ ಸಾಮಾನು: ಹಳೇ ಡಬ್ಬದ ಟಿ.ವಿ.ಯ ಗಾಜಿನಲ್ಲಿ ಸೀಸ, ಟ್ಯೂಬ್‌ಲೈಟ್ ಮತ್ತು ಸಿ.ಎಫ್.ಎಲ್. ಬಲ್ಬಿನಲ್ಲಿ ಪಾದರಸ ಇರುತ್ತದೆ. ಒಡೆಯದೆ ಇಡೀ ಕೊಡಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದನ್ನು ಹುಲ್ಲಿನ ಮೆದೆ, ಒಲೆಯಿಂದ ದೂರ ಇಡಿ. ಮೊಬೈಲ್ ಕೊಡುವ ಮುಂಚೆ ಸಿಮ್ ತೆಗೆದು, ಒಳಗಿನ ಫೋಟೊ, ಬ್ಯಾಂಕಿನ ವಿವರಗಳನ್ನು ಮಕ್ಕಳ ಕೈಲಿ ಅಳಿಸಿಸಿ.

ಔಷಧಿ, ಸೂಜಿ: ಹಸುವಿಗೆ ತಂದು ಮಿಕ್ಕ ಇಂಜೆಕ್ಷನ್, ಕೆಚ್ಚಲಿಗೆ ಹಾಕುವ ಟ್ಯೂಬು ಅಟ್ಟದಲ್ಲಿ ಉಳಿದಿರುತ್ತವೆ. ಪಕ್ಕದ ಮನೆಯವರು ಕೇಳಿದರೆಂದು ಕೊಡಬೇಡಿ. ಆ್ಯಂಟಿಬಯೋಟಿಕ್ ಬಿದ್ದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು. ಗೊತ್ತಿಲ್ಲದೆ ಕೊಟ್ಟ ಔಷಧಿಗೆ ಆ ಲೆಕ್ಕ ಯಾರೂ ಇಡುವುದಿಲ್ಲ. ಒಂದು ಮನೆಯ ಹಾಲು ಶೀತಲ ಘಟಕದಲ್ಲಿ ಊರಿನವರ ಹಾಲಿನ ಜೊತೆ ಬೆರೆತರೆ ಎಲ್ಲರಿಗೂ ನಷ್ಟ. ಬಳಸಿದ ಸೂಜಿ, ಸಿರಿಂಜು, ಕೃತಕ ಗರ್ಭಧಾರಣೆಯ ಕೈಗವಸು, ನಳಿಕೆಗಳನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸದೆ, ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಹಾಕಿಟ್ಟು ಪಶು ಆಸ್ಪತ್ರೆಗೆ ಕೊಡಿ. ವೈದ್ಯರು ಬಂದಾಗ ‘ಸಾರ್, ಸೂಜಿ ನೀವೇ ತಗೊಂಡು ಹೋಗಿ’ ಎಂದು ಕೇಳಲು ಸಂಕೋಚ ಬೇಡ.

ಕೀಟನಾಶಕದ ಡಬ್ಬಿ: ಮೂರು ಸಲ ತೊಳೆದು, ತೊಳೆದ ನೀರನ್ನು ಸ್ಪ್ರೇಯರ್‌ಗೇ ಹಾಕಿ ಬೆಳೆಗೆ ಹೊಡೆಯಿರಿ. ಆಮೇಲೆ ಡಬ್ಬಿಗೆ ತೂತು ಹಾಕಿ. ತೂತು ಹಾಕದ ಡಬ್ಬಿ ಎಣ್ಣೆಗೋ ನೀರಿಗೋ ಮತ್ತೆ ಬಳಕೆಗೆ ಬಂದುಬಿಡುತ್ತದೆ. ದನ ಕುಡಿಯುವ ತೊಟ್ಟಿಯಲ್ಲಿ ಇದನ್ನು ತೊಳೆಯುವುದಂತೂ ಕೂಡದು. ಬಣ್ಣದ ಬಕೆಟ್ಟುಗಳನ್ನು ಹಾಲು ಕರೆಯಲು, ಹಿಂಡಿ ನೆನೆಸಲು ಬಳಸಬೇಡಿ. ಗಿಡ ನೆಡಲು ಬಳಸಿ. ಹಾಲಿಗೆ ಸ್ಟೀಲ್ ಪಾತ್ರೆಯೇ ಸರಿ.

ಪ್ಯಾಡು, ಡೈಪರ್: ನಾಚಿಕೆಯಿಂದ ಕತ್ತಲೆಯಲ್ಲಿ ತಿಪ್ಪೆಗೆ ಹೂಳುವುದು ಹೆಚ್ಚಿನ ಊರುಗಳಲ್ಲಿ ನಡೆಯುತ್ತದೆ. ನಾಯಿ ಎಳೆದು ತರುತ್ತದೆ, ಒಳಗಿನ ಪ್ಲಾಸ್ಟಿಕ್ ಗೊಬ್ಬರದಲ್ಲಿ ಉಳಿಯುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ, ಬೇರೆಯಾಗಿ ಇಟ್ಟು, ಪಂಚಾಯಿತಿಯ ಕಸದ ಗಾಡಿಗೆ ಕೊಡಿ. ತೊಳೆದು ಮತ್ತೆ ಬಳಸುವ ಹತ್ತಿ ಬಟ್ಟೆಯ ಪ್ಯಾಡು, ಮುಟ್ಟಿನ ಕಪ್ಪು ಕೂಡ ಈಗ ಸಿಗುತ್ತವೆ. ಬಟ್ಟೆಯದನ್ನು ಬಿಸಿಲಿನಲ್ಲೇ ಒಣಗಿಸಬೇಕು, ಮೂಲೆಯಲ್ಲಿ ಮುಚ್ಚಿಟ್ಟು ಅಲ್ಲ.

ಬೆಂಕಿ ಹಾಕಿದರೆ ಮುಗಿಯುವುದಿಲ್ಲ

ಸುಟ್ಟರೆ ಕಸ ಇಲ್ಲವಾಯಿತು ಎನಿಸುತ್ತದೆ. ಪ್ಲಾಸ್ಟಿಕ್, ಅದರಲ್ಲೂ ಪಿ.ವಿ.ಸಿ. ಪೈಪು, ವೈರಿನ ಹೊದಿಕೆ ಸುಟ್ಟಾಗ ಡಯಾಕ್ಸಿನ್ ಎನ್ನುವ ವಿಷ ಹುಟ್ಟುತ್ತದೆ. ಅದು ಹೊಗೆಯ ಜೊತೆ ಹೋಗಿ ಸುತ್ತಲಿನ ಹುಲ್ಲಿನ ಮೇಲೆ ಕೂರುತ್ತದೆ. ಹಸು ಆ ಹುಲ್ಲು ತಿಂದರೆ ಅದು ಸೇರುವುದು ಕೊಬ್ಬಿನಲ್ಲಿ. ಹಾಲಿನ ಯಾವ ಕೊಬ್ಬಿಗೆ ನಮಗೆ ದರ ಸಿಗುತ್ತದೋ ಅದೇ ಕೊಬ್ಬಿನಲ್ಲಿ.

ತಾಮ್ರ ಸಿಗಲಿ ಎಂದು ವೈರು ಸುಡುವ ಹುಡುಗರಿಗೆ ಬುದ್ಧಿ ಹೇಳಿ. ಹೊದಿಕೆ ಸುಲಿದು ಮಾರಿದರೂ ತಾಮ್ರ ಸಿಗುತ್ತದೆ.

ಟೈರು ಸುಡುವುದು ಇನ್ನೂ ಕೆಟ್ಟದ್ದು. ರಬ್ಬರು ಸುಟ್ಟು ಹೋದ ಮೇಲೆ ಒಳಗಿನ ಉಕ್ಕಿನ ತಂತಿ ಸೂಜಿಯಂಥ ತುಂಡುಗಳಾಗಿ ಬೂದಿಯಲ್ಲಿ ಉಳಿಯುತ್ತದೆ. ಗಾಳಿ, ಮಳೆಗೆ ಬೂದಿ ಹೋಗುತ್ತದೆ, ತಂತಿ ಹುಲ್ಲಿನಲ್ಲಿ ನಿಲ್ಲುತ್ತದೆ. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ಊರುಗಳಲ್ಲಿ ಆ ಬೆಂಕಿಗೆ ಹುಲ್ಲು, ಸೌದೆ ಬಿಟ್ಟು ಟೈರು, ಪ್ಲಾಸ್ಟಿಕ್ ಬೀಳದಂತೆ ನೋಡಿಕೊಳ್ಳಿ. ಸವೆದು ತಂತಿ ಹೊರಬಂದ ಟೈರನ್ನು ಕತ್ತರಿಸಿ ಬಾನಿ ಮಾಡಿಕೊಂಡಿದ್ದರೆ ಅದನ್ನೂ ಬದಲಿಸಿ. ಹೊರಗೆ ಬಿಸಾಡಿದ ಟೈರಿನಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ.

ಅರಳಿಕಟ್ಟೆಯ ದೇವರ ಪಟಗಳು

ಗಾಜು ಒಡೆದ ದೇವರ ಪಟವನ್ನು ಮನೆಯಲ್ಲಿಡಬಾರದು ಎನ್ನುತ್ತಾರೆ, ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ಎಲ್ಲರೂ ಅರಳಿಕಟ್ಟೆಯ ಬುಡದಲ್ಲಿ ಇಟ್ಟು ಕೈಮುಗಿದು ಬರುತ್ತಾರೆ. ಕೆಲವು ದಿನಕ್ಕೆ ಕಟ್ಟೆಯ ಸುತ್ತ ಗಾಜು, ಮೊಳೆ, ಚೌಕಟ್ಟು ಹರಡುತ್ತದೆ. ದನ ನೆರಳಿಗೆ ಮಲಗುವುದು ಅಲ್ಲೇ, ಮಕ್ಕಳು ಬರಿಗಾಲಲ್ಲಿ ಆಡುವುದೂ ಅಲ್ಲೇ.

ಗೌರವಕ್ಕೆ ಕುಂದು ಬಾರದ ದಾರಿ ಇದೆ. ಗಾಜು, ಚೌಕಟ್ಟು, ಮೊಳೆ ಬಿಚ್ಚಿ ಬೇರೆ ಮಾಡಿ. ಕಾಗದದ ಚಿತ್ರವನ್ನು ಬಕೆಟ್ ನೀರಿನಲ್ಲಿ ನೆನೆಸಿ ಕರಗಿಸಿ, ಯಾರೂ ತುಳಿಯದ ಮರದ ಬುಡಕ್ಕೆ ಹಾಕಿ. ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದನ್ನು ಸುಲಿದು ಒಣಕಸಕ್ಕೆ ಸೇರಿಸಿ. ಚೌಕಟ್ಟು ಗಟ್ಟಿಯಾಗಿದ್ದರೆ ಹೊಸ ಪಟಕ್ಕೆ ಆಗುತ್ತದೆ. ಗಾಜನ್ನು ರಟ್ಟಿನ ಡಬ್ಬದಲ್ಲಿ ಕಟ್ಟಿ, ಮೇಲೆ ‘ಗಾಜು’ ಎಂದು ಬರೆದು ಕಸದ ಗಾಡಿಗೆ ಕೊಡಿ. ಗಾಡಿಯವರೂ ನಮ್ಮಂಥ ಹೆಣ್ಣುಮಕ್ಕಳೇ, ಅವರ ಕೈಗೂ ಗಾಯವಾಗಬಾರದು.

ಪಂಚಾಯಿತಿಯಲ್ಲಿ ಏನಿದೆ?

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಈಗ ಒಣಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ ಗಾಡಿಗಳು ಓಡಾಡುತ್ತಿವೆ. ತಂದ ಕಸವನ್ನು ಬೇರ್ಪಡಿಸುವ ಜಾಗವೇ ‘ಸ್ವಚ್ಛ ಸಂಕೀರ್ಣ’. ಎಷ್ಟೋ ಕಡೆ ಸಂಜೀವಿನಿ ಸ್ವಸಹಾಯ ಗುಂಪಿನ ಮಹಿಳೆಯರೇ ಗಾಡಿ ಓಡಿಸಲು ಕಲಿತು, ಕಸ ವಿಂಗಡಿಸಿ ಮಾರುವ ಕೆಲಸ ನಡೆಸುತ್ತಿದ್ದಾರೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಹಲವು ಪಂಚಾಯಿತಿಗಳ ಒಣಕಸ ಒಂದೇ ಕಡೆ ಸೇರಿ, ವಿಂಗಡಣೆಯಾಗಿ ಮರುಬಳಕೆಗೆ ಹೋಗುವ ದೊಡ್ಡ ಘಟಕವಿದೆ. ಹಳ್ಳಿಯ ಕಸಕ್ಕೂ ಕಾರ್ಖಾನೆಯ ದಾರಿ ಇದೆ ಎನ್ನುವುದಕ್ಕೆ ಇದು ಉದಾಹರಣೆ.

ನಿಮ್ಮ ಪಂಚಾಯಿತಿಯಲ್ಲಿ ಗಾಡಿ ಬರುತ್ತದೆಯೇ, ಯಾವ ವಾರ, ಏನೇನು ತೆಗೆದುಕೊಳ್ಳುತ್ತದೆ ಎಂದು ಪಿ.ಡಿ.ಓ. ಅವರನ್ನು ಕೇಳಿ. ಗಾಡಿ ಇದ್ದೂ ಬಾರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ನಮ್ಮ ಹಕ್ಕು. ಒಬ್ಬರು ಕೇಳಿದರೆ ನಾಳೆ ನೋಡೋಣ ಎನ್ನುತ್ತಾರೆ, ಸಂಘದ ಐವತ್ತು ಸದಸ್ಯೆಯರು ಸಹಿ ಹಾಕಿದ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಸಂಘದ ಅಂಗಳದಲ್ಲಿ ಒಂದು ‘ಕೊಡು-ಕೊಳ್ಳು ದಿನ’

ಪಟ್ಟಣಗಳಲ್ಲಿ 2023ರ ಮೇ ತಿಂಗಳಿನಿಂದ ಹಳೇ ಬಟ್ಟೆ, ಪುಸ್ತಕ, ಆಟಿಕೆ ಕೊಡಲು ಆರ್.ಆರ್.ಆರ್. ಕೇಂದ್ರಗಳನ್ನು ತೆರೆದಿದ್ದಾರೆ. ಹಳ್ಳಿಯಲ್ಲಿ ಹೊಸದಾಗಿ ಕೇಂದ್ರ ಕಟ್ಟಬೇಕಿಲ್ಲ. ದಿನಕ್ಕೆ ಎರಡು ಸಲ ಊರಿನ ಹೆಚ್ಚಿನ ಮನೆಗಳವರು ಬಂದು ಸೇರುವ ಜಾಗ ನಮ್ಮ ಡೇರಿ. ತೂಕದ ಯಂತ್ರ ಇದೆ, ಲೆಕ್ಕ ಬರೆಯುವ ಕಾರ್ಯದರ್ಶಿ ಇದ್ದಾರೆ, ಎಲ್ಲಕ್ಕಿಂತ ಮೇಲಾಗಿ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇದೆ. ವರ್ಷಕ್ಕೆ ಎರಡು ಸಲ ಹೀಗೆ ಮಾಡಬಹುದು:

1. ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಇಟ್ಟು ಠರಾವು ಮಾಡಿ. ಐದು ಜನರ ಒಂದು ತಂಡ ಸಾಕು.

2. ಹಬ್ಬಕ್ಕೆ ಎರಡು ವಾರ ಮುಂಚಿನ ಒಂದು ಭಾನುವಾರ ಗೊತ್ತುಮಾಡಿ. ಬೆಳಗಿನ ಹಾಲು ಮುಗಿದ ಮೇಲೆ ಶುರು, ಸಂಜೆ ಹಾಲಿಗೆ ಮುಂಚೆ ಮುಕ್ತಾಯ.

3. ಹಾಲು ಸಂಗ್ರಹಿಸುವ ಕೋಣೆಗೆ, ಶೀತಲ ಘಟಕಕ್ಕೆ ಯಾವ ಸಾಮಾನೂ ಬರಬಾರದು. ಸಂಘದ ಅಂಗಳ ಚಿಕ್ಕದಾಗಿದ್ದರೆ ಶಾಲೆಯ ಮೈದಾನ ಕೇಳಿಕೊಳ್ಳಿ. ತೂಕಕ್ಕೆ ಹಾಲಿನ ತಕ್ಕಡಿ ಬಳಸದೆ ಹಿಂಡಿ ಚೀಲ ತೂಗುವ ತಕ್ಕಡಿ ಬಳಸಿ.

4. ನಾಲ್ಕು ಜಾಗ ಗುರುತು ಮಾಡಿ: ಕೊಡುವುದು, ರಿಪೇರಿ, ಗುಜರಿ, ವಿಷದ್ದು. ವಿಷದ್ದರ ಬಳಿ ಮಕ್ಕಳನ್ನು ಬಿಡಬೇಡಿ, ಒಬ್ಬ ಹಿರಿಯರು ಅಲ್ಲೇ ಕೂತಿರಲಿ.

5. ರಿಪೇರಿಯವರು, ಗುಜರಿಯವರನ್ನು ಮುಂಚೆಯೇ ಮಾತಾಡಿ ಕರೆಸಿ. ಗುಜರಿಯವರು ಇಬ್ಬರಿದ್ದರೆ ಬೆಲೆ ಚೆನ್ನಾಗಿ ಸಿಗುತ್ತದೆ. ತೂಕ ನಮ್ಮ ತಕ್ಕಡಿಯಲ್ಲೇ ಆಗಲಿ.

6. ಕೊಡುವ ಸಾಮಾನಿಗೆ ಕೊಟ್ಟವರ ಹೆಸರು ಬರೆಯಬೇಡಿ. ತೆಗೆದುಕೊಳ್ಳುವವರಿಗೆ ಮುಜುಗರವಾಗಬಾರದು. ಬೇಕಾದವರು ಬಂದು ಆರಿಸಿಕೊಳ್ಳಲಿ.

7. ವಿಷದ ಸಾಮಾನನ್ನು ಅವತ್ತೇ ಕಳಿಸುವ ವ್ಯವಸ್ಥೆ ಪಂಚಾಯಿತಿಯ ಜೊತೆ ಮೊದಲೇ ಆಗಿರಲಿ. ಇ-ತ್ಯಾಜ್ಯ ಪಡೆಯಲು ಅಧಿಕಾರ ಇರುವವರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಈ ವ್ಯವಸ್ಥೆ ಆಗದಿದ್ದರೆ ಆ ಸಲ ವಿಷದ ಸಾಮಾನು ತರಿಸಲೇಬೇಡಿ. ಸಂಘದ ಹಿತ್ತಲಿನಲ್ಲಿ ರಾಶಿ ಉಳಿಯಬಾರದು.

8. ಮಾರಿದ ಹಣ ಯಾರದು ಎನ್ನುವುದನ್ನು ಮೊದಲೇ ತೀರ್ಮಾನಿಸಿ. ಮನೆ ಮನೆಗೆ ಕೊಡಬಹುದು, ಇಲ್ಲವೇ ಸಂಘದ ಹೆಸರಿನಲ್ಲಿ ಸ್ಟೀಲ್ ತಟ್ಟೆ, ಲೋಟ ಕೊಳ್ಳಬಹುದು.

ಕೊನೆಯ ಮಾತಿಗೆ ಸ್ವಲ್ಪ ವಿವರಣೆ ಬೇಕು. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ನಿಷೇಧವಾದವು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದರು. ಆದರೂ ನಾಮಕರಣ, ತಿಥಿ, ಬೀಗರೂಟ ಮುಗಿದ ಮರುದಿನ ಸಮುದಾಯ ಭವನದ ಹಿಂದೆ ಲೋಟ, ಎಲೆ ಹಾಳೆಗಳ ರಾಶಿ ಬಿದ್ದಿರುತ್ತದೆ. ಅನ್ನದ ವಾಸನೆಗೆ ಮೊದಲು ಅಲ್ಲಿಗೆ ಹೋಗುವುದು ದನಗಳೇ. ಸಂಘದಲ್ಲಿ ಇನ್ನೂರು ತಟ್ಟೆ, ಲೋಟ ಇದ್ದು ಸದಸ್ಯರಿಗೆ ಚಿಕ್ಕ ಬಾಡಿಗೆಗೆ ಕೊಟ್ಟರೆ ಆ ರಾಶಿಯೇ ಹುಟ್ಟುವುದಿಲ್ಲ. ತೊಳೆಯುವವರಿಗೆ ಕೂಲಿಯನ್ನೂ ಬಾಡಿಗೆಯಲ್ಲೇ ಸೇರಿಸಿ. ಆ ಕೆಲಸ ಬಿಟ್ಟಿಯಾಗಿ ಮನೆಯ ಸೊಸೆಯ ತಲೆಗೆ ಬೀಳಬಾರದು.

ಅಕ್ಕಂದಿರ ಪ್ರಶ್ನೆ, ನಮ್ಮ ಉತ್ತರ

ಹರಿದ ಹಿಂಡಿ ಚೀಲವನ್ನು ಹಸುವಿಗೆ ಹೊದಿಸಬಹುದೇ?
ಚಳಿಗೆ ಗೋಣಿಚೀಲ ಒಳ್ಳೆಯದು. ಪ್ಲಾಸ್ಟಿಕ್ ಚೀಲದ ಎಳೆ ಬಿಚ್ಚಿಕೊಂಡು ಬರುತ್ತದೆ, ಹಸು ಅದನ್ನು ನೆಕ್ಕಿ ನುಂಗುತ್ತದೆ. ಅಂಚು ಮಡಿಸಿ ಹೊಲಿದ ಚೀಲವನ್ನು ಗೊಬ್ಬರ ಹೊರಲು, ಕಾಳು ತುಂಬಲು ಬಳಸಿ. ಎಳೆ ಬಿಟ್ಟ ಚೀಲ ಗುಜರಿಗೆ. ಚೀಲ ಬಿಚ್ಚುವಾಗ ಬರುವ ಹೊಲಿಗೆ ದಾರವನ್ನೂ ಕೆಳಗೆ ಎಸೆಯಬೇಡಿ.

ಮಿಕ್ಕ ಅನ್ನವನ್ನು ಕವರಿನಲ್ಲಿ ಕಟ್ಟಿ ದನಕ್ಕೆ ಇಟ್ಟರೆ ಪುಣ್ಯವಲ್ಲವೇ?
ಕವರು ಬಿಚ್ಚಿ ಹಾಕಿ. ಅದೂ ಬಹಳ ಅನ್ನ ಒಂದೇ ಸಲ ಹಾಕಬೇಡಿ. ಹೆಚ್ಚು ಅನ್ನ ತಿಂದ ಹಸುವಿನ ಹೊಟ್ಟೆ ಹುಳಿಯಾಗಿ ಪ್ರಾಣಕ್ಕೇ ಬರಬಹುದು.

ಮನೆಯ ಗಂಡಸರು, ಅತ್ತೆ ಹಳೇ ಸಾಮಾನು ಕೊಡಲು ಒಪ್ಪದಿದ್ದರೆ?
ಹಿರಿಯರಿಗೆ ಆ ಸಾಮಾನಿನ ಹಿಂದೆ ಒಂದು ನೆನಪಿರುತ್ತದೆ, ಒತ್ತಾಯ ಬೇಡ. ಮೊದಲು ಒಡೆದ ಬ್ಯಾಟರಿ, ತಂತಿ, ಗಾಜು, ಸೂಜಿ ಇವನ್ನು ಹೊರಗೆ ಹಾಕಿ. ಅದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಉಳಿದದ್ದು ನಿಧಾನಕ್ಕೆ ಆಗಲಿ.

ಮನೆ ಕಟ್ಟಿಸುತ್ತಿದ್ದೇವೆ, ಏನು ಎಚ್ಚರ ಬೇಕು?
ಕಬ್ಬಿಣ ಕಟ್ಟುವ ಸಣ್ಣ ಕಂಬಿಯ ತುಂಡು, ಮೊಳೆ ಹಸುವಿಗೆ ದೊಡ್ಡ ಶತ್ರು. ಪ್ರತಿ ಸಂಜೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡಿಸಿ. ಮಕ್ಕಳು ಖುಷಿಯಿಂದ ಮಾಡುವ ಕೆಲಸ ಇದು. ಮರಳು, ಜಲ್ಲಿಯ ಪಕ್ಕ ಮೇವು ಒಟ್ಟಬೇಡಿ.

ಈ ವಾರವೇ ಮಾಡಬಹುದಾದ ಮೂರು ಕೆಲಸ

ಎಲ್ಲವನ್ನೂ ಒಟ್ಟಿಗೆ ಮಾಡಲು ಯಾರಿಗೂ ಬಿಡುವಿಲ್ಲ. ಈ ವಾರ ಮೂರು ಸಾಕು. ಕೊಟ್ಟಿಗೆಯ ಸೂರು, ಗೂಡು, ಮೂಲೆ ನೋಡಿ ಸೂಜಿ, ತಂತಿ, ಹಳೇ ಬ್ಯಾಟರಿ ತೆಗೆದು ಹೊರಗಿಡಿ. ಅಡುಗೆಮನೆ ಬಾಗಿಲ ಹಿಂದೆ ಒಂದು ಚೀಲ ತೂಗುಹಾಕಿ, ತೊಳೆದು ಒಣಗಿಸಿದ ಕವರು, ಪ್ಯಾಕೆಟ್ಟು ಅದಕ್ಕೇ ಹೋಗಲಿ. ಹಾಲು ಹಾಕಲು ಹೋದಾಗ ಕಾರ್ಯದರ್ಶಿಗೆ ಹೇಳಿ, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ‘ಕೊಡು-ಕೊಳ್ಳು ದಿನ’ ಸೇರಿಸಿ. ದಿನ ಗೊತ್ತಾದ ಮೇಲೆ ಒಕ್ಕೂಟದ ವಿಸ್ತರಣಾಧಿಕಾರಿಗೆ ತಿಳಿಸಿ. ಅವತ್ತು ಪಶುವೈದ್ಯರನ್ನೂ ಕರೆಸಿದರೆ ಹಸುವಿಗೆ ಅಯಸ್ಕಾಂತ ಹಾಕಿಸಬೇಕೇ, ಬೇಡವೇ ಎನ್ನುವುದನ್ನು ಅಲ್ಲೇ ಕೇಳಿ ತಿಳಿದುಕೊಳ್ಳಬಹುದು.